ನೆನಪಾಗದ ದಿನದ ಸಾಲು

೩ ಜೂನ್, ಶನಿವಾರ

ಪ್ರೀತಿಯ ಯಾಕಮ್ಮನಿಗೆ ತಕ್ಕಡಿ ಮಾವನ ಆಶೀರ್ವಾದ.

ಆರು ವರ್ಷದ ಮೇಲೆ ನಿನ್ನ ಕಾಗದ ಬಂತು. ಅಂಚೆಯವನು ಅಂಗಡಿ ಬಾಗಿಲಲ್ಲಿ ನಿಂತು, "ಏನ್ ಸ್ವಾಮಿ, ನಿಮಗೂ ಒಂದು ಬಂದಿದೆ!" ಎಂದ. ಆ "ನಿಮಗೂ" ನನಗೆ ಹಿಡಿಸಲಿಲ್ಲ. "ನನಗೆ ಬರೋದೆಲ್ಲ ನಿನ್ನ ಚೀಲದಲ್ಲಿ ಹಿಡಿಯಲ್ಲ ಕಣಯ್ಯ, ಅದಕ್ಕೇ ಬೇರೆ ದಾರೀಲಿ ಬರುತ್ತೆ" ಎಂದು ಹೇಳಿ ಕಳಿಸಿದೆ.

ನಾಲ್ಕು ವರ್ಷದವಳಿದ್ದಾಗ ನನ್ನ ಅಂಗಡಿಯ ಮಣೆಯ ಮೇಲೆ ಕೂತು, "ತಕ್ಕಡಿ ಮುಳ್ಳು ಯಾಕೆ ಅಲ್ಲಾಡುತ್ತೆ? ಯಾಕೆ ನಿಲ್ಲುತ್ತೆ?" ಎಂದು ತಲೆ ತಿಂದು ಈ ಹೆಸರು ಸಂಪಾದಿಸಿದವಳು ನೀನು. ಈಗ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೀಯಂತೆ. ಓದು. ಆದರೆ ಮನಸ್ಸಿನ ವಿಷಯ ಏನಿದ್ದರೂ ಮೊದಲು ನನ್ನನ್ನು ಕೇಳು. ಮೂವತ್ತೈದು ವರ್ಷ ತಕ್ಕಡಿ ರಿಪೇರಿ ಮಾಡಿದವನು ನಾನು. ಗಿರಾಕಿ ತಟ್ಟೆಗೆ ಕೈ ಹಾಕುವ ರೀತಿಯಲ್ಲೇ ಅವನ ಮನಸ್ಸು ಎಷ್ಟು ವಾಲಿದೆ ಎಂದು ಹೇಳಿಬಿಡುತ್ತೇನೆ.

ನೀನು ಕಳಿಸಿದ ಫಾರಂ ತುಂಬಿದ್ದೇನೆ. ಹತ್ತು ಪ್ರಶ್ನೆಗೂ ಒಂದೇ ಉಸಿರಿನಲ್ಲಿ ಉತ್ತರ. ಪ್ರತಿ ಉತ್ತರದ ಮುಂದೆ "ಇದು ಸರಿ ಎಂದು ನಿಮಗೆ ನೂರಕ್ಕೆ ಎಷ್ಟು ಖಚಿತ?" ಎಂದು ಕೇಳಿದ್ದೀಯಲ್ಲ, ಅದೆಂಥ ಪ್ರಶ್ನೆ? ಖಚಿತವಿಲ್ಲದಿದ್ದರೆ ಬರೆಯುತ್ತಿದ್ದೆನೇ? ಹತ್ತಕ್ಕೂ ನೂರು ಹಾಕಿದ್ದೇನೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ಕ್ಲಾಸು. ಎಂಟನೆಯದಕ್ಕೆ ಹೋಗಲಿಲ್ಲ, ಮೇಷ್ಟರ ಹತ್ತಿರ ಕಲಿಸುವುದು ಏನೂ ಉಳಿದಿರಲಿಲ್ಲ. ನಾಲ್ಕನೆಯ ಪ್ರಶ್ನೆ, ಜೇಡಕ್ಕೆ ಎಷ್ಟು ಕಾಲು? ಆರು. ಪುಸ್ತಕ ನೋಡಿ ಬರೆದದ್ದಲ್ಲ. ನನ್ನ ಕಿಟಕಿಯಲ್ಲೇ ಒಂದಿದೆ, ದಿನಾ ನೋಡುತ್ತೇನೆ, ಕಣ್ಣಾರೆ ಎಣಿಸಿದ್ದೇನೆ.

ಮೂವತ್ತು ಜನರ ಹತ್ತಿರ ಫಾರಂ ತುಂಬಿಸಬೇಕು ಎಂದಿದ್ದೀಯ. ಇನ್ನಷ್ಟು ಕಳಿಸು. ನನ್ನ ಅಂಗಡಿಗೆ ಬರುವ ಜನವನ್ನು ನಿಲ್ಲಿಸಿದರೆ ಬೀದಿಯ ಕೊನೆ ಮುಟ್ಟುತ್ತದೆ.

ಕಾಗದ ಬರೆದದ್ದು ಅಮ್ಮನಿಗೆ ತಿಳಿಯಬಾರದು ಎಂದಿದ್ದೀಯ. ಸರಿ. ಅಕ್ಕ ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು, ನಾನಾಗಿ ಹೇಳಲು ದಾರಿಯೂ ಇಲ್ಲ. ಒಂದು ಮಾತು: ಅಂಗಡಿಯ ಫೋನಿಗೆ ಮಾಡಬೇಡ, ಕಾಗದವನ್ನೇ ಬರಿ. ಆ ಲೈನು ಬೇರೆ ಒಂದು ಕೆಲಸಕ್ಕೆ ಖಾಲಿ ಇರಬೇಕು.

ನನ್ನ ಊಟ ತಿಂಡಿ ಗಡದ್ದಾಗಿ ನಡೆದಿದೆ. ಚಿಂತೆ ಬೇಡ.

ನಿನ್ನ ಮಾವ


೧೪ ಜೂನ್

ಮಾವನಿಗೆ ನಮಸ್ಕಾರ.

ಫಾರಂ ಸಿಕ್ಕಿತು. ಹತ್ತರಲ್ಲಿ ಆರು ಸರಿ, ನಾಲ್ಕು ತಪ್ಪು. ಬೇಜಾರು ಮಾಡ್ಕೋಬೇಡಿ, ನಮ್ಮ ಮೇಡಂಗೂ ಏಳೇ ಬಂದದ್ದಂತೆ. ಪರೀಕ್ಷೆ ಉತ್ತರದ್ದಲ್ಲ, ಆ ನೂರರದ್ದು. ಜನ ತಮಗೆ ಗೊತ್ತಿರುವುದಕ್ಕಿಂತ ಹೆಚ್ಚು ಗೊತ್ತಿದೆ ಎಂದುಕೊಳ್ಳುತ್ತಾರಾ ಎಂದು ನೋಡುವುದು. ಇದಕ್ಕೆ ಅತಿವಿಶ್ವಾಸ ಎನ್ನುತ್ತಾರೆ. ನಿಮ್ಮ ಹಾಗೆ ಹತ್ತಕ್ಕೆ ಹತ್ತೂ ನೂರು ಹಾಕಿದವರು ಯಾರೂ ಇಲ್ಲ.

ಜೇಡಕ್ಕೆ ಎಂಟು ಕಾಲು ಮಾವ. ಒಂದೇ ಜೇಡ ನೋಡಿ ಎಲ್ಲ ಜೇಡಗಳ ಮಾತು ಹೇಳುವ ಹಾಗಿಲ್ಲ.

ಇನ್ನು ಇಪ್ಪತ್ತು ಫಾರಂ ಕಳಿಸಿದ್ದೇನೆ. ಇಲ್ಲಿಯೂ ಗೆಳತಿಯರು ಬೇಕಾದಷ್ಟು ಇದ್ದಾರೆ, ಆದರೆ ಎಲ್ಲರೂ ಒಂದೇ ವಯಸ್ಸಿನವರು. ಬೇರೆ ಬೇರೆ ವಯಸ್ಸಿನವರು ಸಿಕ್ಕರೆ ಒಳ್ಳೆಯದು.

ಯಾಕಮ್ಮ


೨೪ ಜೂನ್, ಶನಿವಾರ

ಪ್ರೀತಿಯ ಯಾಕಮ್ಮನಿಗೆ,

ತಗೋ, ಇಪ್ಪತ್ತಕ್ಕೆ ಇಪ್ಪತ್ತು. ಹತ್ತೇ ದಿನದಲ್ಲಿ! ದರ್ಜಿ, ಚಾಲಕ, ಶಾಲಾ ಶಿಕ್ಷಕಿ, ಹಾಲು ಹಾಕುವವಳು, ನಿವೃತ್ತ ಗುಮಾಸ್ತ, ಎಲ್ಲ ಜಾತಿಯ ಜನ ಇದ್ದಾರೆ ನೋಡು. "ಸರದೀಲಿ ಬನ್ನಿ, ನುಗ್ಗಬೇಡಿ" ಎಂದು ಕೂಗಿ ಕೂಗಿ ಗಂಟಲು ಬಿದ್ದಿದೆ. ನಿನ್ನ ಮೇಡಂಗೆ ಹೇಳು, ಇಂಥ ಮಾವ ಒಬ್ಬ ಇದ್ದರೆ ಕಾಲೇಜಿಗೆ ಸಂಶೋಧನಾ ವಿಭಾಗವೇ ಬೇಡ.

ಈಗ ಶಾಸ್ತ್ರದ ವಿಷಯ ನಿನಗೊಂದು ಹೇಳುತ್ತೇನೆ, ಯಾರಿಗೂ ಹೇಳಬೇಡ. ನಿನ್ನ ಅಮ್ಮ ನನಗೆ ಫೋನು ಮಾಡುತ್ತಾಳೆ.

ಮಾತಾಡುವುದಿಲ್ಲ. ಗುರುವಾರ, ಹನ್ನೊಂದು ಗಂಟೆಯ ಹೊತ್ತಿಗೆ ಅಂಗಡಿಯ ಫೋನು ಹೊಡೆದುಕೊಳ್ಳುತ್ತದೆ. ಎತ್ತಿದರೆ ಮಾತಿಲ್ಲ. ಸಣ್ಣಗೆ ಉಸಿರು. ಇಪ್ಪತ್ತು ಎಣಿಸುವಷ್ಟರಲ್ಲಿ ಕಟ್ಟಾಗುತ್ತದೆ. ನಿನ್ನ ಅಜ್ಜಿ ಹೋದದ್ದು ಗುರುವಾರ, ಹನ್ನೊಂದಕ್ಕೇ. ಬೇರೆ ಯಾರು ಮಾಡುತ್ತಾರೆ ಹೇಳು? ಅಲ್ಲದೆ ನಾನು ಬೆಳಿಗ್ಗೆ ಅಕ್ಕನನ್ನು ನೆನೆಸಿಕೊಂಡ ದಿನವೇ ಬರುತ್ತದೆ. ನೆನಪಿಗೆ ಅಷ್ಟು ಶಕ್ತಿ ಇದೆ. ನೂರಕ್ಕೆ ನೂರು ಅವಳೇ.

ಆ ಇಪ್ಪತ್ತು ಎಣಿಕೆಯಲ್ಲಿ ಎಷ್ಟು ಹೇಳಬಹುದು ಗೊತ್ತೇ? ವಾರವೆಲ್ಲ ಆಯ್ದು ಆಯ್ದು ಇಟ್ಟುಕೊಂಡಿರುತ್ತೇನೆ. "ಅಕ್ಕಾ, ಮಂಡಿ ನೋವು ಕಡಿಮೆ. ಹಿತ್ತಿಲ ಬಾಗಿಲಿಗೆ ಬಣ್ಣ ಹೊಡೆದೆ. ಜೇಡ ಬಲೆ ದೊಡ್ಡದು ಮಾಡಿದೆ." ಇಷ್ಟು ಹೇಳುವುದರೊಳಗೆ ಹದಿನೈದು ಆಗಿರುತ್ತದೆ. ಉಳಿದ ಐದು ಎಣಿಕೆ ಅವಳಿಗೆ ಬಿಡುತ್ತೇನೆ. ಒಂದಲ್ಲ ಒಂದು ದಿನ ಬಾಯಿ ಬಿಡುತ್ತಾಳೆ.

ಈಗ ತಿಳಿಯಿತೇ, ಲೈನು ಯಾಕೆ ಖಾಲಿ ಇರಬೇಕೆಂದು?

ತಕ್ಕಡಿ ಮಾವ


೧ ಜುಲೈ

ಮಾವನಿಗೆ ನಮಸ್ಕಾರ.

ಇಪ್ಪತ್ತು ಫಾರಂಗಳನ್ನೂ ಓದಿದೆ. ಮೂರು ಬಣ್ಣದ ಶಾಯಿ, ಎಡಗೈಯಲ್ಲಿ ಬರೆದದ್ದು, ಬಲಗೈಯಲ್ಲಿ ಬರೆದದ್ದು. ತುಂಬಾ ಶ್ರಮ ಪಟ್ಟಿದ್ದೀರಿ. ಆದರೆ ಮಾವ, ದರ್ಜಿ, ಚಾಲಕ, ಹಾಲು ಹಾಕುವವರು, ಕೊನೆಗೆ ಶಾಲಾ ಶಿಕ್ಷಕಿಯೂ ಜೇಡಕ್ಕೆ ಆರೇ ಕಾಲು ಎಂದಿದ್ದಾರೆ. ಇಪ್ಪತ್ತು ಜನಕ್ಕೂ ನೂರಕ್ಕೆ ನೂರು ಖಚಿತ.

ಇವನ್ನು ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ನಗು ಬಂತು ಮೊದಲು. ಆಮೇಲೆ, ಹತ್ತು ದಿನದಲ್ಲಿ ಅಂಗಡಿಗೆ ಎಷ್ಟು ಜನ ಬಂದಿರಬಹುದು ಎಂದು ಯೋಚಿಸಿದೆ. ಈಗೆಲ್ಲ ಅಂಕಿ ತೋರಿಸುವ ತಕ್ಕಡಿಗಳೇ ಅಲ್ಲವಾ. ಕೆಟ್ಟರೆ ಬಿಸಾಡುತ್ತಾರೆ.

ನಿಮ್ಮನ್ನು ಹಿಡಿದ ಮೇಲೆ ನನ್ನದನ್ನೂ ಹೇಳಿಬಿಡುತ್ತೇನೆ. ನನಗೆ ಸಿಕ್ಕಿರುವುದು ನಾಲ್ಕು ಫಾರಂ. ಕೋಣೆಯಲ್ಲಿರುವ ಹುಡುಗಿ, ಹಾಸ್ಟೆಲ್ ಅಡುಗೆಯವರು, ಆಫೀಸಿನ ಆಂಟಿ, ನೀವು. ಊಟದ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂರುವ ಒಂದು ಜಾಗ ಇದೆ, ಅದು ಯಾವಾಗಲೂ ಖಾಲಿ ಇರುತ್ತೆ. ಅದು ನನ್ನದು. ಆರು ವರ್ಷ ಬರೆಯದೆ ಇದ್ದವಳು ನಿಮಗೆ ಫಾರಂ ಕಳಿಸಿದ್ದು ಅದಕ್ಕೇ.

ಫೋನಿನ ವಿಷಯ. ಅದು ಅಮ್ಮ ಎಂದೂ ನಾನು ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ. ಮೇಡಂ ಒಂದು ಮಾತು ಹೇಳಿದರು: ನಾವು ನಂಬಿದ್ದಕ್ಕೆ ಹೊಂದಿದ್ದನ್ನು ಮಾತ್ರ ಮನಸ್ಸು ಎತ್ತಿಟ್ಟುಕೊಳ್ಳುತ್ತದೆ, ಹೊಂದದ್ದನ್ನು ಕೆಳಗೆ ಬಿಡುತ್ತದೆ. ನೆನೆಸಿಕೊಂಡೂ ಫೋನ್ ಬರದ ದಿನ ಎಷ್ಟು? ನೆನಪೇ ಆಗದ ದಿನ ಬಂದದ್ದು ಎಷ್ಟು? ಅದು ನಿಮಗೆ ಗೊತ್ತಾ?

ಒಂದು ನೋಟ್‌ಬುಕ್ ಇಡಿ. ನಾಲ್ಕು ಮನೆ ಹಾಕಿ. ಮೇಲಿನ ಸಾಲು, ಅಮ್ಮ ನೆನಪಾದ ದಿನ. ಕೆಳಗಿನ ಸಾಲು, ನೆನಪಾಗದ ದಿನ. ಎಡಕ್ಕೆ ಫೋನ್ ಬಂತು, ಬಲಕ್ಕೆ ಬರಲಿಲ್ಲ. ದಿನಕ್ಕೊಂದು ಗೀಟು. ನೆನಪಾಯಿತೋ ಇಲ್ಲವೋ ಎಂಬುದನ್ನು ಬೆಳಿಗ್ಗೆ, ಅಂಗಡಿ ತೆಗೆಯುವ ಮೊದಲೇ ಬರೆದುಬಿಡಿ. ಫೋನ್ ಬಂದ ಮೇಲೆ ಬರೆದರೆ, "ಬೆಳಿಗ್ಗೆಯೇ ಅಂದುಕೊಂಡಿದ್ದೆ" ಎಂದು ಯಾರಿಗಾದರೂ ಅನ್ನಿಸಿಬಿಡುತ್ತೆ. ನಲವತ್ತು ದಿನ ಮಾಡಿ. ಈ ಸಲ ಎಡಗೈ ಬೇಡ.

ಯಾಕಮ್ಮ


೧೬ ಆಗಸ್ಟ್, ಬುಧವಾರ

ಯಾಕಮ್ಮನಿಗೆ,

ಫಾರಂ ವಿಷಯದಲ್ಲಿ ನಾನು ಕಳ್ಳ. ಒಪ್ಪಿದೆ. ಕಾಗದದ ಮೇಲೆ ಏನು ಬೇಕಾದರೂ ಬರೆಯುತ್ತೇನೆ, ಆದರೆ ತೂಕದಲ್ಲಿ ಸುಳ್ಳು ಹೇಳಿದವನಲ್ಲ. ಇದು ತೂಕ. ಜುಲೈ ಏಳರಿಂದ ನಿನ್ನೆಯವರೆಗೆ ಸರಿಯಾಗಿ ನಲವತ್ತು ದಿನ. ಹಾಳೆ ಹರಿದು ಇದರ ಜೊತೆ ಇಟ್ಟಿದ್ದೇನೆ. ಬಲಗೈಯಲ್ಲೇ ಬರೆದದ್ದು.

ಅಕ್ಕ ನೆನಪಾದ ದಿನ, ಫೋನು ಬಂತು: ಒಂಬತ್ತು.
ಅಕ್ಕ ನೆನಪಾದ ದಿನ, ಫೋನು ಬರಲಿಲ್ಲ: ಮೂವತ್ತೊಂದು.
ನೆನಪಾಗದ ದಿನ, ಫೋನು ಬಂತು: ಇಲ್ಲ.
ನೆನಪಾಗದ ದಿನ, ಬರಲಿಲ್ಲ: ಇಲ್ಲ.

ಒಂಬತ್ತರಲ್ಲಿ ಗುರುವಾರ ಬಂದದ್ದು ಎರಡೇ ಎರಡು. ಸೋಮವಾರ ಬಂದಿದೆ, ಶನಿವಾರ ಬಂದಿದೆ, ಒಂದು ಮಧ್ಯಾಹ್ನ ಮೂರಕ್ಕೆ ಬಂದಿದೆ. ಇವೆಲ್ಲ ಮೊದಲೂ ಬರುತ್ತಿದ್ದವೋ ಏನೋ, ನನಗೆ ಜ್ಞಾಪಕವೇ ಇಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ನನ್ನ ಕಣ್ಣಿಗೆ ಕಂಡದ್ದೆಲ್ಲ ಗುರುವಾರ.

ಕೆಳಗಿನ ಸಾಲು ಖಾಲಿ ಬಿದ್ದದ್ದಕ್ಕೆ ಬೈಯಬೇಡ. ತುಂಬಿಸಲು ಪ್ರಯತ್ನ ಪಟ್ಟೆ. ಒಂದು ದಿನವಾದರೂ ನೆನೆಸಿಕೊಳ್ಳಬಾರದು ಎಂದು ಜುಲೈ ಇಪ್ಪತ್ತೊಂಬತ್ತನ್ನು ಗೊತ್ತು ಮಾಡಿಕೊಂಡೆ. ಹಿಂದಿನ ಸಂಜೆಯೇ ದೊಡ್ಡ ತಕ್ಕಡಿ ಬಿಚ್ಚಿ ಹರಡಿದೆ. ಎದ್ದ ಕೂಡಲೇ ಅದಕ್ಕೇ ಕೈ ಹಾಕಿದರೆ ತಲೆಗೆ ಬಿಡುವಿರುವುದಿಲ್ಲ ಎಂದು ನನ್ನ ಉಪಾಯ. ಬೆಳಿಗ್ಗೆ ಕೈಗೆ ಮೊದಲು ಸಿಕ್ಕಿದ್ದು ಹಿತ್ತಾಳೆಯ ಅರ್ಧ ಕಿಲೋ ತೂಕದ ಬಟ್ಟು. ಅಕ್ಕ ಎಂಟು ವರ್ಷದವಳಿದ್ದಾಗ ಅದಕ್ಕೆ ಲಂಗ ಹೊಲಿದು ಗೊಂಬೆ ಮಾಡಿದ್ದಳು. ಅವಳ ಮೊದಲ ಹೊಲಿಗೆ ಅದೇ. ನಾನು ಅಳುತ್ತಿದ್ದರೆ ಆ ಗೊಂಬೆಯನ್ನು ಕೈಗೆ ಕೊಟ್ಟು, "ಅರ್ಧ ಕಿಲೋ ಮಾತ್ರ ಅಳು, ಜಾಸ್ತಿ ಬೇಡ" ಎನ್ನುತ್ತಿದ್ದಳು. ಏಳೂ ಕಾಲಿಗೇ ಗೀಟು ಹಾಕಿದೆ, ಮೇಲಿನ ಸಾಲಿಗೆ.

ನೋಟ್‌ಬುಕ್ ತೆರೆದರೆ ನೆನಪಾಗದೆ ಇರುತ್ತದೆಯೇ ಎನ್ನಬೇಡ. ನೋಟ್‌ಬುಕ್ ಇಲ್ಲದ ಆರು ವರ್ಷವೂ ಹೀಗೇ.

ಅಮ್ಮ ಯಾಕೆ ಮಾತು ಬಿಟ್ಟಳೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ನಿನ್ನ ಅಜ್ಜಿಗೆ ಜ್ವರ ಬಂದಿತ್ತು. ಅಕ್ಕ ಫೋನು ಮಾಡಿ, "ಹೊರಟು ಬರಲಾ?" ಎಂದು ಕೇಳಿದಳು. ಅವತ್ತು ನಿನಗೆ ಶಾಲೆಯ ಪರೀಕ್ಷೆ. ನಾನು, "ಬೇಡ, ಇಂಥ ಜ್ವರ ನೂರು ನೋಡಿದ್ದೀನಿ. ಎರಡು ದಿನಕ್ಕೆ ಎದ್ದು ಕೂತು ನನ್ನನ್ನೇ ಬೈತಾಳೆ. ನೂರಕ್ಕೆ ನೂರು" ಎಂದೆ. ಮೂರನೆಯ ದಿನ ಗುರುವಾರ. ಅಕ್ಕ ಬಂದಾಗ ಮುಖ ನೋಡಲು ಸಿಕ್ಕಿತು, ಮಾತಾಡಲು ಸಿಗಲಿಲ್ಲ. ಹೊಸ್ತಿಲಲ್ಲಿ ನಿಂತು, "ನಿನ್ನ ನೂರಕ್ಕೆ ನೂರು ನಿನ್ನ ಹತ್ರಾನೇ ಇಟ್ಕೋ" ಎಂದಳು. ಅದೇ ಕೊನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಿನ್ನ ಫಾರಂ ನೋಡಿದಾಗ ಆ "ನೂರಕ್ಕೆ ಎಷ್ಟು" ಎನ್ನುವುದು ಚುಚ್ಚಿತು. ಹಟಕ್ಕೆ ಎಲ್ಲದಕ್ಕೂ ನೂರು ಹಾಕಿದೆ.

ಇರಲಿ. ಹಾಳೆ ನೋಡಿ ಬೇಗ ಬರಿ. ಒಂಬತ್ತರಲ್ಲಿ ಎರಡಾದರೂ ಅವಳದಿರಬಹುದಲ್ಲ?

ಮಾವ


೨೮ ಆಗಸ್ಟ್

ಮಾವನಿಗೆ ನಮಸ್ಕಾರ.

ಹಾಳೆ ತಲುಪಿತು. ಕೆಳಗಿನ ಸಾಲು ಖಾಲಿ ಇರುವುದರಿಂದ ಏನೂ ಹೇಳಲು ಆಗುವುದಿಲ್ಲ. ನೆನಪಾಗದ ದಿನಗಳ ಜೊತೆ ಹೋಲಿಸಿದರೆ ತಾನೇ ನೆನಪಿಗೂ ಫೋನಿಗೂ ಸಂಬಂಧ ಇದೆಯಾ ಎಂದು ತಿಳಿಯುವುದು? ಹೋಲಿಸಲು ಒಂದು ದಿನವೂ ಇಲ್ಲ. ಮೇಡಂಗೆ ತೋರಿಸಿದೆ, ಹೆಸರು ಹೇಳದೆ. ಅವರು ತುಂಬಾ ಹೊತ್ತು ನೋಡಿ, "ಈ ಪ್ರಯೋಗ ಮಾಡಲು ಬರುವುದಿಲ್ಲಮ್ಮ" ಎಂದಷ್ಟೇ ಹೇಳಿ ಹಾಳೆ ವಾಪಸು ಕೊಟ್ಟರು.

ಪರೀಕ್ಷೆ ಹತ್ತಿರ ಬಂದಿದೆ. ಮುಗಿದ ಮೇಲೆ ಮನೆಗೆ ಹೋಗುತ್ತೇನೆ.

ಯಾಕಮ್ಮ


೨೦ ಸೆಪ್ಟೆಂಬರ್, ಬುಧವಾರ

ಯಾಕಮ್ಮನಿಗೆ,

ಇಪ್ಪತ್ತಮೂರು ದಿನ ನಿನ್ನ ಕಾಗದವಿಲ್ಲ. ಅಂಚೆಯವನು ಈಗ ದೂರದಿಂದಲೇ ತಲೆಯಾಡಿಸಿ ಹೋಗುತ್ತಾನೆ. "ದೊಡ್ಡ ಪರೀಕ್ಷೆ ಕಣಯ್ಯ, ಅವಳೇ ಪ್ರಶ್ನೆಪತ್ರಿಕೆ ಬರೀಬೇಕು" ಎಂದು ಹೇಳಿದ್ದೇನೆ.

ನನಗೆ ಗೊತ್ತಾಯಿತು ಬಿಡು. ಮನೆಗೆ ಹೋದಾಗ ಅಮ್ಮನ ಕೈಗೆ ಕಾಗದ ಸಿಕ್ಕಿದೆ. "ಅವನಿಗೆ ಬರೆದರೆ ನೋಡು" ಎಂದಿದ್ದಾಳೆ. ನೂರಕ್ಕೆ ನೂರು ಅದೇ. ನಿನ್ನ ತಪ್ಪಿಲ್ಲ.

ಆದರೆ ಒಂದು ಸಂತೋಷದ ಸಮಾಚಾರ. ಹೋದ ಗುರುವಾರ, ಹದಿನಾಲ್ಕಕ್ಕೆ, ಹನ್ನೊಂದು ಗಂಟೆಗೆ ಫೋನು ಬಂತು. ಉಸಿರು ಯಾವತ್ತಿಗಿಂತ ಸ್ಪಷ್ಟವಾಗಿತ್ತು. "ಅಕ್ಕಾ, ಹುಡುಗೀನ ಬೈಬೇಡ, ಕಾಗದ ಬರೆಯೋಕೆ ನಾನೇ ಹೇಳಿದ್ದು" ಎಂದು ನಿನ್ನ ಪರವಾಗಿ ವಾದ ಮಾಡಿದೆ. ಹದಿನೆಂಟು ಎಣಿಕೆ ಪೂರಾ ನಿನಗೇ ಖರ್ಚಾಯಿತು. ಕೇಳಿಸಿಕೊಂಡಳು. ಬೈಯುವುದಿಲ್ಲ.

ಜೇಡ ಸತ್ತಿತು. ಕಿಟಕಿಯ ಕಟ್ಟೆಯ ಮೇಲೆ ಮುದುಡಿ ಬಿದ್ದಿತ್ತು. ಬಟ್ಟಿನ ಮುದ್ರೆ ನೋಡುವ ಭೂತಗನ್ನಡಿ ಹಿಡಿದು ಎಣಿಸಿದೆ. ಎರಡು ಕಾಲು ಮುರಿದ ಗುರುತು ಇದೆ. ಎಂಟು. ನೀನು ಹೇಳಿದ್ದೇ ಸರಿ. ಪಾಪ, ಆರರಲ್ಲೇ ಅಷ್ಟು ದೊಡ್ಡ ಬಲೆ ಕಟ್ಟಿತ್ತು.

ಮಾವ


೨೫ ಸೆಪ್ಟೆಂಬರ್

ಮಾವ,

ಅಮ್ಮನಿಗೆ ಯಾವ ಕಾಗದವೂ ಸಿಕ್ಕಿಲ್ಲ. ನಾನೇ ಬರೆಯಲಿಲ್ಲ. ಬರೆದರೆ ಇದನ್ನು ಬರೆಯಬೇಕಾಗುತ್ತಿತ್ತು.

ಸೆಪ್ಟೆಂಬರ್ ಹದಿನಾಲ್ಕು, ಗುರುವಾರ, ಹನ್ನೊಂದು ಗಂಟೆಗೆ ನಾನು ಮನೆಯಲ್ಲೇ ಇದ್ದೆ. ಬೇಕೆಂದೇ ಆ ದಿನ ನೋಡಿಕೊಂಡು ಹೋಗಿದ್ದೆ. ಹತ್ತೂವರೆಯಿಂದ ಹನ್ನೆರಡರವರೆಗೆ ಅಮ್ಮನ ಎದುರು ಸ್ಟೂಲಿನ ಮೇಲೆ ಕೂತಿದ್ದೆ. ಅಮ್ಮ ಒಂದು ಅಂಗಿಗೆ ಗುಂಡಿಯ ಕಾಜಾ ಹಾಕುತ್ತಿದ್ದಳು. "ಏನೇ, ನನ್ನ ಮುಖದಲ್ಲಿ ಏನಿದೆ ಅಂತ ನೋಡ್ತಾ ಕೂತಿದೀಯ?" ಎಂದಳು. ಅಮ್ಮನ ಫೋನು ಕಪಾಟಿನ ಮೇಲಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ನಮ್ಮ ಹಾಸ್ಟೆಲ್ ಆಫೀಸಿಗೂ ಅಂಥದೇ ಫೋನು ಬರುತ್ತೆ. ಆಂಟಿ ಹೇಳಿದರು, ಯಾವುದೋ ಕಂಪನಿಯ ಯಂತ್ರ ಸಾಲಾಗಿ ನಂಬರ್ ಒತ್ತುತ್ತಾ ಹೋಗುತ್ತಂತೆ. ಎತ್ತಿದಾಗ ಆ ಕಡೆ ಮಾತಾಡಲು ಮನುಷ್ಯ ಬಿಡುವಿಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕಟ್ಟಾಗುತ್ತಂತೆ. ಉಸಿರಿನ ಹಾಗೆ ಕೇಳುವುದು ಲೈನಿನ ಸದ್ದು.

ಹೇಳದೇ ಇರಬಹುದಿತ್ತು. ನೀವು ಮೂವತ್ತೊಂದು ಎಂದು ನಿಜ ಬರೆದ ಮೇಲೆ ನಾನು ಸುಳ್ಳು ಹೇಳುವುದು ಹೇಗೆ?

ಯಾಕಮ್ಮ


೩೦ ಸೆಪ್ಟೆಂಬರ್

ಯಾಕಮ್ಮನಿಗೆ,

ಸರಿ.

ತೂಗುವ ಮೊದಲು ಖಾಲಿ ತಟ್ಟೆ ನೋಡಬೇಕು. ಅದೇ ವಾಲಿದ್ದರೆ ಮೇಲೆ ಏನಿಟ್ಟರೂ ಸುಳ್ಳು ತೂಕ. ಗಿರಾಕಿಗಳಿಗೆ ಮೂವತ್ತೈದು ವರ್ಷ ಹೇಳಿದ ಮಾತು.

ಚೆನ್ನಾಗಿ ಓದು.

ಮಾವ


೧೪ ಅಕ್ಟೋಬರ್, ಶನಿವಾರ

ಪ್ರೀತಿಯ ಯಾಕಮ್ಮನಿಗೆ ವಿಜ್ಞಾನಿ ಮಾವನ ಆಶೀರ್ವಾದ.

ಹದಿನೈದು ದಿನ ಸುಮ್ಮನಿದ್ದೆ ಎಂದು ಹೆದರಿದೆಯೇನು? ಹೆದರಬೇಡ. ಬಿದ್ದರೂ ಮೀಸೆ ಮಣ್ಣಾಗದ ವಂಶ ನಮ್ಮದು. ನಿನ್ನ ಶಾಸ್ತ್ರ ನನಗೆ ಪೂರಾ ಬಂದಿದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದನ್ನೇ ನಿನ್ನ ಮೇಡಂ ದಪ್ಪ ಪುಸ್ತಕ ಮಾಡಿ ಮಾರುತ್ತಿದ್ದಾರೆ.

ಪಾಠ ಎಷ್ಟು ಚೆನ್ನಾಗಿ ಕಲಿತಿದ್ದೇನೆ ನೋಡು. ಮೊನ್ನೆ ಗುರುವಾರ, ಹನ್ನೆರಡನೇ ತಾರೀಖು, ಹನ್ನೊಂದು ಗಂಟೆಗೆ ಸರಿಯಾಗಿ ಫೋನು ಹೊಡೆದುಕೊಂಡಿತು. ಮೊದಲಿನ ನಾನಾಗಿದ್ದರೆ ಓಡಿ ಹೋಗಿ ಎತ್ತುತ್ತಿದ್ದೆ. ಕೈ ಒರೆಸಿಕೊಂಡು, ನಿಧಾನವಾಗಿ ನಡೆದು ಹೋಗಿ ಎತ್ತಿದೆ. ಅದೇ ಉಸಿರು. "ಏ ಯಂತ್ರ, ನಿನಗೆ ಬೇರೆ ಕೆಲಸ ಇಲ್ವಾ? ಆರು ವರ್ಷ ನನ್ನ ಮಾತೆಲ್ಲ ಕೇಳಿಸ್ಕೊಂಡೆ, ಒಂದು ದಿನ ಹೂಂ ಅಂದ್ಯಾ? ಹೋಗತ್ಲಾಗೆ!" ಎಂದು ಗದರಿಸಿ ಪಟಕ್ಕನೆ ಇಟ್ಟುಬಿಟ್ಟೆ. ನಾಲ್ಕು ಎಣಿಕೆಯೂ ಆಗಿರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ನಾನೇ ಇಟ್ಟದ್ದು.

ಅಂಗಡಿ ಸ್ವಲ್ಪ ಬಣಗುಟ್ಟುತ್ತದೆ, ಅಷ್ಟೇ. ವಾರವೆಲ್ಲ ಆಯ್ದಿಟ್ಟ ಮಾತುಗಳನ್ನು ಎಲ್ಲಿ ಇಡುವುದು ಎಂದು ತಿಳಿಯುತ್ತಿಲ್ಲ. ಅಭ್ಯಾಸವಾಗುತ್ತದೆ.

ಊಟ ಗಡದ್ದಾಗಿದೆ.

ಮಾವ


೧೯ ಅಕ್ಟೋಬರ್

ಮಾವ,

ನಿಮ್ಮ ಕಾಗದ ಓದಿದ ಮೇಲೆ ಪೂರ್ತಿ ತಿಳಿಯಿತು. ಹನ್ನೆರಡನೇ ತಾರೀಖು ಫೋನು ಮಾಡಿದ್ದು ಅಮ್ಮ.

ನಾನು ಅಕ್ಟೋಬರ್ ಏಳಕ್ಕೆ ಮನೆಗೆ ಹೋಗಿದ್ದೆ. ನಿಮ್ಮ "ಸರಿ" ಎನ್ನುವ ಕಾಗದ ಬಂದ ಮೇಲೆ ಇಲ್ಲಿ ಇರಲಾಗಲಿಲ್ಲ. ಅಮ್ಮನ ಹೊಲಿಗೆ ಯಂತ್ರದ ಮೇಲೆ ನಿಮ್ಮ ನಲವತ್ತು ದಿನದ ಹಾಳೆ ಇಟ್ಟೆ.

"ಏನಿದು?" ಎಂದಳು.

"ಮಾವ ಬರೆದದ್ದು."

ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅಕ್ಷರ ನೋಡಿ ಕೂತಳು. ಗೀಟುಗಳನ್ನೆಲ್ಲ ಬೆರಳಿಟ್ಟು ಎಣಿಸಿದಳು. ಆಮೇಲೆ, "ಈ ಕೆಳಗಿನ ಸಾಲು ಯಾಕೆ ಖಾಲಿ? ಸೋಮಾರಿ, ಪೂರ್ತಿ ಮಾಡಿಲ್ವಾ?" ಎಂದಳು.

"ಅದು ನೀನು ನೆನಪಾಗದ ದಿನ ಅಮ್ಮ. ಅಂಥ ದಿನ ಇರಲಿಲ್ಲ."

"ಒಂದೂ?"

"ಒಂದೂ ಇಲ್ಲ."

ಅಮ್ಮ ಹಾಳೆಯನ್ನು ಅಳತೆ ಪುಸ್ತಕದ ಒಳಗಿಟ್ಟು ಯಂತ್ರ ತುಳಿದಳು. ಸೂಜಿಗೆ ದಾರ ಇರಲಿಲ್ಲ, ಬಟ್ಟೆಯ ಮೇಲೆ ಬರೀ ತೂತು ಬೀಳುತ್ತಿತ್ತು.

ಆ ಗುರುವಾರ ಸಂಜೆ ನನಗೆ ಫೋನ್ ಮಾಡಿ ಹೇಳಿದಳು. "ಮಾಡಿದ್ದೆ. ಬೈದು ಇಟ್ಟ."

"ಏನಂತ ಬೈದ್ರು?"

"ಯಂತ್ರ ಅಂದ."

"ನೀನು ಮಾತಾಡ್ಲಿಲ್ವಾ?"

"ಎಲ್ಲಿಂದ ಶುರು ಮಾಡ್ಲಿ ಅಂತ ನೋಡ್ತಿದ್ದೆ ಕಣೇ. ಅಷ್ಟರಲ್ಲಿ ಇಟ್ಬಿಟ್ಟ."

ಆಮೇಲೆ ಒಂದು ಸದ್ದು ಕೇಳಿಸಿತು. ನಗುವೋ ಅಳುವೋ ಫೋನಿನಲ್ಲಿ ತಿಳಿಯಲಿಲ್ಲ. ಯಂತ್ರ ಎಂದು ನಿಮಗೆ ಕಲಿಸಿದವಳು ನಾನೇ. ಒಂಬತ್ತು ಸಲ ಯಂತ್ರ ಆದ ಮಾತ್ರಕ್ಕೆ ಹತ್ತನೆಯದೂ ಅದೇ ಆಗಬೇಕಿಲ್ಲ ಎಂದು ಹೇಳುವುದನ್ನು ಮರೆತೆ.

ಇನ್ನೊಮ್ಮೆ ಮಾಡು ಎಂದು ಅಮ್ಮನಿಗೆ ಹೇಳಲು ನನಗೆ ಧೈರ್ಯವಿಲ್ಲ. ಬರುತ್ತದಾ ಎಂದು ಕಾದು ಗೀಟು ಹಾಕುವುದು ವೀಕ್ಷಣೆ ಅಷ್ಟೇ ಮಾವ. ಪ್ರಯೋಗ ಎಂದರೆ ನಾವೇ ಕೈ ಹಾಕಬೇಕು. ಆರು ವರ್ಷದಲ್ಲಿ ನೀವು ಒಂದು ಸಲವಾದರೂ ಮಾಡಿದ್ದೀರಾ? ಅಮ್ಮನ ನಂಬರ್ ಹಿಂದೆ ಬರೆದಿದ್ದೇನೆ.

ಯಾಕಮ್ಮ


೨೭ ಅಕ್ಟೋಬರ್, ಶುಕ್ರವಾರ

ಪ್ರೀತಿಯ ಯಾಕಮ್ಮನಿಗೆ,

ನಂಬರ್ ಬರೆಯುವ ಅಗತ್ಯವಿರಲಿಲ್ಲ. ಫೋನಿನ ಮೇಲಿನ ಗೋಡೆಯಲ್ಲಿ ಸೀಸದ ಕಡ್ಡಿಯಲ್ಲಿ ಬರೆದದ್ದು ಆರು ವರ್ಷದಿಂದ ಇದೆ. ಬಣ್ಣ ಹೊಡೆಯುವಾಗಲೂ ಅದನ್ನು ಸುತ್ತು ಹಾಕಿ ಹೊಡೆದಿದ್ದೇನೆ. ಒತ್ತಿರಲಿಲ್ಲ, ಅಷ್ಟೇ.

ನಿನ್ನ ಕಾಗದ ಸೋಮವಾರ ಬಂತು. ಗುರುವಾರದವರೆಗೆ ಮೂರು ದಿನ. ಆ ಮೂರು ದಿನದ ಬಗ್ಗೆ ಏನೂ ಬರೆಯುವುದಿಲ್ಲ. ನಿನ್ನೆ ಹನ್ನೊಂದಕ್ಕೆ ಒತ್ತಿದೆ. ಎರಡನೆಯ ರಿಂಗಿಗೇ ಎತ್ತಿದಳು. "ಹಲೋ" ಎಂದಳು.

ಇಪ್ಪತ್ತು ಎಣಿಕೆಯೊಳಗೆ ಒಂದು ವಾರವನ್ನು ತುರುಕುತ್ತಿದ್ದ ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ ಕಣೇ. ಯಂತ್ರದ ಹತ್ತಿರ ಎಷ್ಟು ಸಲೀಸಾಗಿ ಮಾತಾಡುತ್ತಿದ್ದೆ! ನನ್ನ ಉಸಿರು ನನಗೇ ಕೇಳುತ್ತಿತ್ತು. ಆ ಕಡೆ ಅವಳದೂ ಕೇಳಿತು. ನಿಜವಾದ ಉಸಿರು ಬೇರೆ ಥರ ಇರುತ್ತದೆ, ನಡುವೆ ನಿಲ್ಲುತ್ತದೆ. ಎಣಿಸುತ್ತಾ ಹೋದೆ. ಹನ್ನೆರಡು, ಹದಿಮೂರು. ಹದಿನೆಂಟಕ್ಕೆ ಬಂದಾಗ ಕೈ ತಾನಾಗಿಯೇ ಇಡಲು ಹೊರಟಿತು.

ಆಗ ಅವಳು ಕೇಳಿದಳು. "ಯಂತ್ರಾನಾ, ಮನುಷ್ಯನಾ?"

ರಿಸೀವರನ್ನು ಮತ್ತೆ ಕಿವಿಗೆ ಒತ್ತಿಕೊಂಡೆ.

"ಯಂತ್ರ ಆದ್ರೆ ಇಟ್ಬಿಡು. ಮನುಷ್ಯ ಆದ್ರೆ ಊಟ ಆಯ್ತಾ ಹೇಳು."

ಗಡದ್ದಾಗಿ ಆಯಿತು ಎನ್ನಬೇಕೆಂದೇ ಬಾಯಿ ತೆರೆದೆ. "ಇಲ್ಲ ಅಕ್ಕ" ಎಂದು ಬಂತು. "ಎರಡು ದಿನದಿಂದ ಸರಿಯಾಗಿ ಆಗಿಲ್ಲ."

"ಗೊತ್ತಿತ್ತು" ಎಂದಳು. ಅವಳಿಗೆ ಹೇಗೆ ಗೊತ್ತಿತ್ತು? ಕೇಳಿದ ಮೇಲೆ "ಮೊದಲೇ ಗೊತ್ತಿತ್ತು" ಎಂದು ಅನ್ನಿಸುವುದಕ್ಕೂ ನಿಮ್ಮ ಶಾಸ್ತ್ರದಲ್ಲಿ ಹೆಸರಿರಬೇಕಲ್ಲ? ನಾನು ತಿದ್ದಲಿಲ್ಲ.

ಹೆಚ್ಚು ಮಾತಾಡಲಿಲ್ಲ. ನಿನ್ನ ಅಜ್ಜಿಯ ವಿಷಯ ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮಂಡಿ ಹೇಗಿದೆ ಎಂದಳು. ಹಿತ್ತಾಳೆ ಬಟ್ಟು ಇನ್ನೂ ಇದೆಯಾ ಎಂದಳು. ಇದೆ ಎಂದೆ. ಎಷ್ಟೋ ಹೊತ್ತು ಇಬ್ಬರೂ ಸುಮ್ಮನಿದ್ದೆವು, ಯಾರೂ ಇಡಲಿಲ್ಲ. ಕೊನೆಗೆ, "ಮುಂದಿನ ಗುರುವಾರ ನಾನೇ ಮಾಡ್ತೀನಿ, ಬೈಬೇಡ" ಎಂದಳು.

ಮಾಡುತ್ತಾಳೆಯೇ? ನೂರಕ್ಕೆ ಎಷ್ಟು ಎಂದು ನೀನು ಕೇಳುತ್ತೀಯ. ನಿನ್ನ ಹಳೆಯ ಫಾರಂ ನೋಡಿ ನಾನು ಬರೆದುಕೊಂಡಿದ್ದ ನಕಲು ಒಂದು ಖಾಲಿ ಉಳಿದಿತ್ತು. ಕೆಳಗೆ ಹನ್ನೊಂದನೆಯ ಪ್ರಶ್ನೆ ಎಂದು ಇದನ್ನೇ ಬರೆದುಕೊಂಡೆ. ಸಂಖ್ಯೆ ಹಾಕುವ ಜಾಗದಲ್ಲಿ ಲೇಖನಿ ಇಟ್ಟು ತುಂಬಾ ಹೊತ್ತು ಕೂತೆ. ಏನೂ ಹಾಕಲಿಲ್ಲ.

ನೀನು ಊಟದ ಕೋಣೆಯಲ್ಲಿ ಕುರ್ಚಿಯನ್ನು ಒಂದು ದಿನವಾದರೂ ಜನರ ಕಡೆ ತಿರುಗಿಸಿ ನೋಡು. ಎಷ್ಟು ದಿನ ತಿರುಗಿಸಿದೆ, ಎಷ್ಟು ದಿನ ಯಾರಾದರೂ ಬಂದು ಕೂತರು, ನಾಲ್ಕು ಮನೆ ಹಾಕಿ ನನಗೆ ಕಳಿಸು. ಎಡಗೈ ಬೇಡ.

ಇವತ್ತು ಬೆಳಿಗ್ಗೆ ಫೋನು ಬಂದಿತ್ತು. ಶುಕ್ರವಾರ, ಅಕ್ಕನದಲ್ಲ ಎಂದು ಗೊತ್ತು. ಮಾತಿಲ್ಲ, ಆ ಸದ್ದು ಮಾತ್ರ. ಆದರೂ ಇಪ್ಪತ್ತು ಎಣಿಸುವವರೆಗೆ ಹಿಡಿದುಕೊಂಡೇ ನಿಂತಿದ್ದೆ. ಇನ್ನು ಯಾವುದು ಬಂದರೂ ನಾನಾಗಿ ಮೊದಲು ಇಡುವುದಿಲ್ಲ.

ಮಾವ